ಕ್ಲಚ್ ಹೋಯಿತು ಅನ್ನುವ ಮುಂಚೆ

ನಮಸ್ಕಾರ. ಗಾಡಿ ಗೇರಿಗೆ ಬೀಳದೆ ಕರಕರ ಅಂದರೆ ಸಾಕು, ಪಕ್ಕದಲ್ಲಿ ನಿಂತವರೆಲ್ಲ ಒಂದೇ ಮಾತು ಹೇಳುತ್ತಾರೆ: 'ಕ್ಲಚ್ ಹೋಗಿದೆ.' ಹಳೇ ಸ್ಪೋರ್ಟ್ಸ್ ಕಾರಿಗೆ ಈ ಮಾತು ತುಂಬ ದುಬಾರಿ. ಕ್ಲಚ್ ಪ್ಲೇಟ್ ಇರುವುದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ. ಅದರ ಮುಖ ನೋಡಬೇಕಾದರೆ ಸಾಮಾನ್ಯವಾಗಿ ಗೇರ್‌ಬಾಕ್ಸ್ ಇಳಿಸಬೇಕು. 1980ರ ದಶಕದ ಪೋರ್ಷೆ 944ರಂಥ ಕಾರಿನಲ್ಲಿ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ, ಎರಡನ್ನೂ ಜೋಡಿಸುವ ಉದ್ದನೆಯ ಕೊಳವೆ ನಡುವೆ. ಅದರಲ್ಲಿ ಪ್ಲೇಟ್ ಬದಲಿಸುವುದೆಂದರೆ ಸೈಲೆನ್ಸರ್ ಪೈಪಿನಿಂದ ಶುರುಮಾಡಿ ಅರ್ಧ ಕಾರು ಬಿಚ್ಚಿದ ಹಾಗೆ. ಅಷ್ಟೆಲ್ಲ ಬಿಚ್ಚಿದ ಮೇಲೆ ಪ್ಲೇಟ್ ಚೆನ್ನಾಗಿಯೇ ಇದ್ದರೆ?

ನನ್ನ ಹಳೇ ಎರಡು ಸೀಟಿನ ಕಾರು ಒಮ್ಮೆ ಆ ಅಂಚಿಗೆ ಹೋಗಿ ಬಂತು. ನಾಲ್ಕೈದು ತಿಂಗಳು ಸುಮ್ನೆ ನಿಂತಿದ್ದ ಗಾಡಿ. ಸ್ಟಾರ್ಟ್ ಮಾಡಿ ಪೆಡಲ್ ಒತ್ತಿದೆ. ಕಾಲು ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯಿತು. ಕಾಲು ತೆಗೆದೆ, ಪೆಡಲ್ ಮೇಲೆ ಬರಲಿಲ್ಲ. ಬಂದ ಮೆಕ್ಯಾನಿಕ್ ಬಾನೆಟ್ ಕೂಡ ಎತ್ತದೆ, 'ಗೇರ್‌ಬಾಕ್ಸ್ ಇಳಿಸಬೇಕು ಸಾರ್' ಅಂದರು. ಸದ್ಯ, ಅವತ್ತು ಅವರಿಗೆ ಪುರುಸೊತ್ತು ಇರಲಿಲ್ಲ.

ಕ್ಲಚ್ ಕೈಕೊಡುವುದು ಮುಖ್ಯವಾಗಿ ಎರಡು ರೀತಿಯಲ್ಲಿ. ಹಿಡಿಯಬೇಕಾದಾಗ ಹಿಡಿಯದೆ ಜಾರುತ್ತದೆ. ಇಲ್ಲ, ಬಿಡಬೇಕಾದಾಗ ಬಿಡದೆ ಅಂಟಿಕೊಳ್ಳುತ್ತದೆ. ನಿಮ್ಮದು ಯಾವುದು ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಇವೆರಡನ್ನು ಬೆರೆಸಿಬಿಟ್ಟರೆ ಮುಂದಿನದೆಲ್ಲ ತಪ್ಪು ದಾರಿ.

ಜಾರುವುದನ್ನು ಕಂಡುಹಿಡಿಯುವುದು ಸುಲಭ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. ಎಂಜಿನ್ ಸುತ್ತು ತೋರಿಸುವ ಮುಳ್ಳು ಸರ್ರನೆ ಮೇಲೇರಿ, ಗಾಡಿಯ ವೇಗ ಮಾತ್ರ ಇದ್ದಷ್ಟೇ ಇದ್ದರೆ ಪ್ಲೇಟ್ ಜಾರುತ್ತಿದೆ. ಜೊತೆಗೆ ಸುಟ್ಟ ವಾಸನೆಯೂ ಬರಬಹುದು. ಹ್ಯಾಂಡ್‌ಬ್ರೇಕ್ ಎಳೆದು, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ನೋಡುವ ಪರೀಕ್ಷೆ ಒಂದಿದೆ. ಎಂಜಿನ್ ತಕ್ಷಣ ಆಫ್ ಆದರೆ ಕ್ಲಚ್ ಸರಿಯಿದೆ ಅಂತ. ಆದರೆ ಅದನ್ನು ಮತ್ತೆ ಮತ್ತೆ ಮಾಡಿದರೆ, ಉಳಿದಿರುವ ಪ್ಲೇಟನ್ನೂ ನೀವೇ ಸುಟ್ಟುಹಾಕುತ್ತೀರಿ.

ನಿಜವಾಗಿ ಜಾರುತ್ತಿದ್ದರೆ ಬಹುತೇಕ ಗೇರ್‌ಬಾಕ್ಸ್ ಇಳಿಸುವ ಕೆಲಸವೇ. ಪ್ಲೇಟ್ ಸವೆದಿರುತ್ತದೆ, ಇಲ್ಲವೇ ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಆಯಿಲ್ ಹತ್ತಿರುತ್ತದೆ. ಒಂದು ವಿನಾಯಿತಿ ಇದೆ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವುದು ಕೊಳವೆಯಲ್ಲಿರುವ ಬ್ರೇಕ್ ಆಯಿಲ್. ಹಳೇ ಗಾಡಿಯಲ್ಲಿ ಆ ದಾರಿಯ ರಬ್ಬರ್ ಹೋಸ್ ಒಳಗೊಳಗೇ ಊದಿಕೊಂಡು, ಹೋದ ಆಯಿಲನ್ನು ವಾಪಸ್ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಆಗ ನೀವು ಕಾಲು ತೆಗೆದರೂ ಕ್ಲಚ್ ಅರ್ಧ ಒತ್ತಿದ ಹಾಗೇ ಇರುತ್ತದೆ. ಹೊರಗಿಂದ ನೋಡಿದರೆ ಹೋಸ್ ಲಕ್ಷಣವಾಗಿರುತ್ತದೆ.

ಜಾಸ್ತಿ ಮೋಸ ಹೋಗುವುದು ಎರಡನೇ ರೀತಿಯಲ್ಲಿ, ಅಂದರೆ ಕ್ಲಚ್ ಬಿಡದಿದ್ದಾಗ. ಎಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡಿ. ಎಲ್ಲ ಗೇರೂ ಸಲೀಸಾಗಿ ಬೀಳುತ್ತವೆ, ಆದರೆ ಎಂಜಿನ್ ಓಡುವಾಗ ಬೀಳುವುದಿಲ್ಲ ಅಂದರೆ ಗೇರ್‌ಬಾಕ್ಸಿನ ಮೇಲೆ ಅನುಮಾನ ಬೇಡ. ಈಗ ಪೆಡಲನ್ನು ನಾಲ್ಕೈದು ಸಲ ಬೇಗ ಬೇಗ ಒತ್ತಿ. ಗೇರ್ ಬಿತ್ತಾ? ಹಾಗಾದರೆ ಪ್ಲೇಟನ್ನು ಮರೆತುಬಿಡಿ. ಆಯಿಲ್ ದಾರಿಯಲ್ಲಿ ಗಾಳಿ ಸೇರಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ.

ಈ ಆಯಿಲ್ ದಾರಿಯ ಎರಡು ತುದಿಗೆ ಎರಡು ಸಿಲಿಂಡರ್ ಇರುತ್ತವೆ. ಪೆಡಲ್ ಬಳಿ ಇದ್ದು ಆಯಿಲನ್ನು ತಳ್ಳುವುದು ಮಾಸ್ಟರ್ ಸಿಲಿಂಡರ್. ಆ ಒತ್ತಡಕ್ಕೆ ಕ್ಲಚ್ಚನ್ನು ಬಿಡಿಸುವುದು ಸ್ಲೇವ್ ಸಿಲಿಂಡರ್; ಎಷ್ಟೋ ಹಳೇ ಕಾರುಗಳಲ್ಲಿ ಅದನ್ನು ಗೇರ್‌ಬಾಕ್ಸಿನ ಪಕ್ಕಕ್ಕೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಮಾಸ್ಟರ್ ಸೋರಿದರೆ ಅನೇಕ ಸಲ ಗಾಡಿಯ ಒಳಗೇ ಇಳಿಯುತ್ತದೆ. ಪೆಡಲ್ ಹಿಂದಿನ ಕಾರ್ಪೆಟ್ಟಿಗೆ ಕೈಹಾಕಿ, ಜಿಡ್ಡು ಹತ್ತುತ್ತದಾ ನೋಡಿ. ಸ್ಲೇವ್ ಇನ್ನೂ ಕಳ್ಳ. ಅದರ ತುದಿಗೊಂದು ರಬ್ಬರ್ ಟೋಪಿ ಇರುತ್ತದೆ, ಸೋರಿದ್ದೆಲ್ಲ ಅದರೊಳಗೇ ನಿಂತಿರುತ್ತದೆ. ನನ್ನ ಗಾಡಿಯ ಕೆಳಗೆ ಮಲಗಿ ಆ ಟೋಪಿಯ ಅಂಚನ್ನು ಸ್ಕ್ರೂಡ್ರೈವರಿನಿಂದ ಸ್ವಲ್ಪ ಎತ್ತಿದೆ. ಕಾಫಿ ಡಿಕಾಕ್ಷನ್ನಿನಂಥ ಕಪ್ಪು ದ್ರವ ಮೊಣಕೈವರೆಗೆ ಇಳಿಯಿತು. ಅಲ್ಲಿಗೆ ಗೇರ್‌ಬಾಕ್ಸಿನ ಮಾತು ಮುಗಿಯಿತು. ಅಂದಹಾಗೆ ಬ್ರೇಕ್ ಆಯಿಲ್ ಬಣ್ಣವನ್ನು ತಿಂದುಹಾಕುತ್ತದೆ. ಬಾಡಿ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ.

ಎಲ್ಲೂ ಸೋರಿಕೆ ಕಾಣದಿದ್ದರೂ ಮಾಸ್ಟರ್ ಕೆಟ್ಟಿರಬಹುದು. ಅದರೊಳಗೆ ಆಯಿಲನ್ನು ತಳ್ಳುವ ರಬ್ಬರ್ ಕಪ್ ಸವೆದು ಆಯಿಲ್ ಒಳಗೇ ಹಿಂದಕ್ಕೆ ಜಾರುತ್ತದೆ. ಸಿಗ್ನಲ್ಲಿನಲ್ಲಿ ಫಸ್ಟ್ ಗೇರ್ ಹಾಕಿ ಪೆಡಲ್ ಒತ್ತಿಕೊಂಡೇ ನಿಂತಿದ್ದೀರಿ, ಅರ್ಧ ನಿಮಿಷದಲ್ಲಿ ಗಾಡಿ ತಾನಾಗಿ ತೆವಳಲು ಶುರುಮಾಡುತ್ತದೆ. ಇದರ ಗುರುತು ಅದೇ.

ಕಡಿಮೆ ಓಡಿದ ಗಾಡಿ ಅಂತ ಹೆಮ್ಮೆಪಡುವವರಿಗೆ ಒಂದು ಮಾತು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ಲೆಕ್ಕ. ನೀರು ಸೇರಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಬೆಳಿಗ್ಗೆ ಸರಿಯಿದ್ದು, ಎಂಜಿನ್ ಕಾದ ಮೇಲೆ ಆಯಿಲಿನಲ್ಲಿ ಆವಿಯ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ಸ್ಲೇವ್ ಸಿಲಿಂಡರ್ ಸೈಲೆನ್ಸರ್ ಪೈಪಿನ ಹತ್ತಿರವೇ ಇದ್ದರಂತೂ ಕೇಳಲೇಬೇಡಿ. ಅದೇ ನೀರು ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಸುತ್ತದೆ. ಕಪ್ ದಿನಾ ಓಡಾಡುವ ಜಾಗ ನುಣುಪಾಗಿರುತ್ತದೆ, ಅದರಾಚೆ ಒರಟು. ಆಯಿಲ್ ದಾರಿಗೆ ಸೇರಿದ ಗಾಳಿ, ಅಂದರೆ ಏರ್, ತೆಗೆಯುತ್ತೇವೆ ಅಂತ ಪೆಡಲನ್ನು ತಳದವರೆಗೂ ಒತ್ತಿದಾಗ ಕಪ್ ಆ ಒರಟು ಜಾಗಕ್ಕೆ ಹೋಗಿ ಹರಿಯುತ್ತದೆ. ಆಯಿಲ್ ಬದಲಿಸಿದ ಮಾರನೇ ದಿನವೇ ಮಾಸ್ಟರ್ ಕೆಟ್ಟಿತು ಅಂತ ಬೈಯುತ್ತೇವೆ. ಅದು ಕೆಟ್ಟು ವರ್ಷಗಳೇ ಆಗಿರುತ್ತವೆ, ಅಲ್ವಾ? ಏರ್ ತೆಗೆಯುವಾಗ ಪೆಡಲ್ ಕೆಳಗೊಂದು ಮರದ ತುಂಡು ಇಡುವುದು ಹಳಬರ ಜಾಣತನ.

ಇಷ್ಟೆಲ್ಲ ನೋಡಿದ ಮೇಲೂ ಗೇರ್ ಬೀಳದಿದ್ದರೆ ಒಬ್ಬರನ್ನು ಪೆಡಲ್ ಒತ್ತಲು ಕೂರಿಸಿ, ಸ್ಲೇವಿನ ಕಡ್ಡಿ ಎಷ್ಟು ದೂರ ತಳ್ಳುತ್ತದೆ ಅಂತ ಸ್ಕೇಲ್ ಹಿಡಿದು ಅಳೆಯಿರಿ. ಗಾಡಿಯ ಮ್ಯಾನ್ಯುಯಲ್ಲಿನಲ್ಲಿ ಕೊಟ್ಟಷ್ಟು ತಳ್ಳುತ್ತಿದ್ದರೆ ಹೊರಗಿನ ಕೆಲಸ ಮುಗಿಯಿತು, ತೊಂದರೆ ಒಳಗಿದೆ. ಸ್ಲೇವಿನ ಕಡ್ಡಿ ತಳ್ಳುವ ಒಳಗಿನ ತೋಳು, ಅಂದರೆ ಫೋರ್ಕ್, ಬಿರುಕು ಬಿಟ್ಟಿರಬಹುದು. ಬಹಳ ದಿನ ನಿಂತ ಗಾಡಿಯಾದರೆ ಪ್ಲೇಟ್ ತುಕ್ಕು ಹಿಡಿದು, ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರವಾದ ಫ್ಲೈವೀಲಿಗೆ ಅಂಟಿರಬಹುದು. ಆಗ ಗೇರ್‌ಬಾಕ್ಸ್ ಇಳಿಸಿ, ಯಾರೂ ಬೇಡ ಅನ್ನುವುದಿಲ್ಲ. ಇಳಿಸಿದ ಮೇಲೆ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹೊಸದು ಹಾಕಿಸಿ. ಎಂಜಿನ್ನಿನ ಹಿಂದಿನ ಸೀಲನ್ನೂ ಬಿಡಬೇಡಿ.

ನನ್ನ ಗಾಡಿಗೆ ಹೊಸ ಸ್ಲೇವ್ ಸಿಲಿಂಡರ್, ಹೊಸ ಹೋಸ್ ಹಾಕಿ ಏರ್ ತೆಗೆದದ್ದು ಒಂದು ಮಧ್ಯಾಹ್ನದ ಕೆಲಸ. ಸಂಜೆ ಪೆಡಲ್ ಒತ್ತಿ, ಮೂರು ಎಣಿಸಿ, ರಿವರ್ಸ್ ಹಾಕಿದೆ. ಸದ್ದಿಲ್ಲದೆ ಬಿತ್ತು. ನಮಸ್ಕಾರ.