ಬುದ್ಧಿ ಇದೆ, ಆದ್ರೆ ಸೋಮಾರಿ?

[ತೆರೆಯ ಮೇಲೆ: ನೋಟ್‌ಬುಕ್‌ನ ಒಂದು ಪುಟ, ತುಂಬಾ ಹತ್ತಿರದಿಂದ]

ಈ ಪುಟ ನೋಡಿ. 'ಪುಸ್ತಕ' ಹೋಗಿ 'ಪುಸತಕ' ಆಗಿದೆ. 'ಗ್ರಹಣ' ಹೋಗಿ 'ಗಹಣ'. ಒತ್ತಕ್ಷರ ಬಂದಲ್ಲೆಲ್ಲ ಕೆಂಪು ಗೆರೆ. ಕೆಳಗೆ ಟೀಚರ್ ಬರೆದಿದ್ದಾರೆ: 'ಗಮನ ಸಾಲದು'.

ಪುಟ ಆರನೇ ಕ್ಲಾಸಿನ ಹುಡುಗಿಯದು. ನಾನು ಅವಳನ್ನು ಕೇಳಿದೆ, "ಪ್ರತಿ ಹುಣ್ಣಿಮೆಗೂ ಚಂದ್ರಗ್ರಹಣ ಯಾಕೆ ಆಗಲ್ಲ ಪುಟ್ಟಿ?" ಅವಳು ಮೇಜಿನ ಮೇಲಿದ್ದ ತಟ್ಟೆ ಎತ್ತಿ ಸ್ವಲ್ಪ ಓರೆ ಹಿಡಿದಳು. "ಚಂದ್ರ ಸುತ್ತೋ ದಾರಿ ಹೀಗೆ ವಾಲಿದೆ ಮಿಸ್. ಜಾಸ್ತಿ ಸಲ ನೆರಳಿನ ಮೇಲೋ ಕೆಳಗೋ ಹೋಗ್ಬಿಡುತ್ತೆ."

ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಬರೆದದ್ದು ಒಂದೂವರೆ ಸಾಲು.

[ನಿರೂಪಕಿ ಕ್ಯಾಮೆರಾ ಮುಂದೆ]

ಇಂಥ ಮಕ್ಕಳನ್ನು ಟ್ವೈಸ್ ಎಕ್ಸೆಪ್ಷನಲ್ ಅಂತಾರೆ. ಪ್ರತಿಭೆಯೂ ಇದೆ, ಕಲಿಕೆಯ ತೊಂದರೆಯೂ ಇದೆ. ಒಂದು ಇನ್ನೊಂದನ್ನು ಮುಚ್ಚಿಬಿಡುತ್ತದೆ. ಡಿಸ್ಲೆಕ್ಸಿಯಾ, ಅಂದ್ರೆ ಓದು-ಬರಹ ಕಷ್ಟವಾಗುವ ತೊಂದರೆ, ಇರುವ ಚುರುಕು ಮಗು ಚಿಕ್ಕ ಕ್ಲಾಸಿನಲ್ಲಿ ಪಾಠ ಕೇಳಿಕೊಂಡೇ ಬಾಯಿಪಾಠ ಮಾಡುತ್ತದೆ, ಚಿತ್ರ ನೋಡಿ ಊಹಿಸುತ್ತದೆ. ಯಾರಿಗೂ ಗೊತ್ತಾಗಲ್ಲ. ನಾಲ್ಕು, ಐದನೇ ಕ್ಲಾಸಿಗೆ ಪಾಠ ಉದ್ದವಾದಾಗ ಆ ಉಪಾಯ ಸಾಲುವುದಿಲ್ಲ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಬುದ್ಧಿ ಇದೆ, ಆದ್ರೆ ಸೋಮಾರಿ. ಈ ಮಾತು ಕೇಳಿದರೆ ನನಗೆ ಸಂಕಟ ಆಗುತ್ತದೆ. ಆ ಒಂದೂವರೆ ಸಾಲಿಗೆ ಅವಳು ಪಟ್ಟ ಪಾಡು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ.

ಆಮೇಲೆ ನಾವು ಮಾಡುವ ತಪ್ಪು ಇನ್ನೂ ದೊಡ್ಡದು. ವಿಜ್ಞಾನದ ಮಾಡೆಲ್ ಮಾಡುವುದನ್ನು ನಿಲ್ಲಿಸಿ ಕಾಪಿ ಬರೆಯಲು ಕೂರಿಸುತ್ತೇವೆ. ಅವಳು ಗೆಲ್ಲುವ ಜಾಗ ಅದೊಂದೇ, ಅಲ್ವಾ? ಅದನ್ನು ಮುಟ್ಟಬೇಡಿ. ಓದು-ಬರಹದ ಸಹಾಯ ಬೇರೆ ಹೊತ್ತಿನಲ್ಲಿ ಕೊಡಿ. ವಿಜ್ಞಾನದ ಉತ್ತರ ಬಾಯಲ್ಲಿ ಹೇಳಲಿ, ಚಿತ್ರ ಬರೆದು ತೋರಿಸಲಿ. ಕಾಗುಣಿತಕ್ಕೆ ಅಲ್ಲಿ ಅಂಕ ಕಳೆಯಬೇಡಿ.

[ತೆರೆಯ ಮೇಲೆ: 2016ರ ಕಾಯ್ದೆ]

ಇದು ಸುಮ್ನೆ ದಯೆಯಲ್ಲ, ಮಗುವಿನ ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ವೈಕಲ್ಯಗಳಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. 1995ರ ಹಳೇ ಕಾಯ್ದೆಯಲ್ಲಿ ಅದು ಇರಲೇ ಇಲ್ಲ. ತೊಂದರೆ ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ, ಕೇಂದ್ರದ ಮಾರ್ಗಸೂಚಿ ಪ್ರಕಾರ ಮೂರು ಗಂಟೆಯ ಪರೀಕ್ಷೆಗೆ ಕನಿಷ್ಠ ಒಂದು ಗಂಟೆ ಹೆಚ್ಚು ಸಮಯ ಕೇಳಬಹುದು.

ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ಕೆಂಪು ಗೆರೆಯ ನೋಟ್‌ಬುಕ್ ಒಯ್ಯಿರಿ. ಜೊತೆಗೆ, ಮಗು ತಟ್ಟೆ ಓರೆ ಹಿಡಿದು ಗ್ರಹಣ ವಿವರಿಸುವ ವಿಡಿಯೋ ಕೂಡ ಮೊಬೈಲಿನಲ್ಲಿ ಇರಲಿ.