ಸ್ವಾತಂತ್ರ್ಯ ಬಂತು, ಜಮೀನು? ದಕ್ಷಿಣ ಕೆರೊಲೈನಾದ ದ್ವೀಪಗಳಲ್ಲಿ

ನಮಸ್ಕಾರ. ಈ ದೊಡ್ಡ ಬಿಳಿ ಮನೆ ಇರುವುದು ಅಮೆರಿಕದ ದಕ್ಷಿಣ ಕೆರೊಲೈನಾದಲ್ಲಿ, ಬ್ಯೂಫರ್ಟ್ ಎಂಬ ಪುಟ್ಟ ಊರಿನಲ್ಲಿ. ರಸ್ತೆಯ ಹೆಸರು ಪ್ರಿನ್ಸ್ ಸ್ಟ್ರೀಟ್. 1839ರಲ್ಲಿ ಈ ಮನೆಯ ಹಿಂದಿದ್ದ ಗುಡಿಸಲಲ್ಲಿ ರಾಬರ್ಟ್ ಸ್ಮಾಲ್ಸ್ ಹುಟ್ಟಿದರು. ತಾಯಿ ಲಿಡಿಯಾ ಗುಲಾಮಗಿರಿಯಲ್ಲಿದ್ದರು. ಹಾಗಾಗಿ ಮಗುವೂ ಹುಟ್ಟಿದ ಕ್ಷಣದಿಂದಲೇ ಧಣಿಯ ಸೊತ್ತು. ಮುಂದೆ ಅದೇ ಸ್ಮಾಲ್ಸ್ ಈ ಮನೆಯನ್ನೇ ಕೊಂಡುಕೊಂಡರು.

ಅದು ಹೇಗಾಯಿತು ಅಂತ ಹೇಳಬೇಕಾದರೆ ಅಂತರ್ಯುದ್ಧದ ಮೊದಲ ವರ್ಷಕ್ಕೆ ಹೋಗಬೇಕು. 1861ರ ನವೆಂಬರ್‌ನಲ್ಲಿ ಒಕ್ಕೂಟದ, ಅಂದರೆ ಉತ್ತರದ ಸರ್ಕಾರದ, ನೌಕಾಪಡೆ ಇಲ್ಲಿನ ಪೋರ್ಟ್ ರಾಯಲ್ ಕೊಲ್ಲಿಗೆ ನುಗ್ಗಿತು. ಹತ್ತಿ ತೋಟಗಳ ಮಾಲೀಕರು ಮನೆ ಮಠ ಬಿಟ್ಟು ಓಡಿದರು. ಅವರು ದುಡಿಸಿಕೊಳ್ಳುತ್ತಿದ್ದ ಸುಮಾರು 10,000 ಜನ ಇಲ್ಲೇ ಉಳಿದರು. ಮರುವರ್ಷ ಅಮೆರಿಕದ ಸಂಸತ್ತು ಒಂದು ಕಾಯ್ದೆ ಮಾಡಿತು. ದಂಗೆ ಎದ್ದ ಪ್ರದೇಶದ ಜಮೀನಿಗೂ ತೆರಿಗೆ ಕಟ್ಟಬೇಕು. ಕಟ್ಟದಿದ್ದರೆ ಜಪ್ತಿ, ಆಮೇಲೆ ಹರಾಜು. ಓಡಿಹೋದವರು ಬಂದು ಕಟ್ಟಲಿಲ್ಲ. 1863ರಿಂದ ಹರಾಜು ಶುರುವಾಯಿತು. ಒಳ್ಳೆಯ ತೋಟಗಳು ಜಾಸ್ತಿ ಉತ್ತರದ ದುಡ್ಡಿದ್ದವರ ಕೈಗೇ ಹೋದವು. ಆದರೂ ನಿನ್ನೆವರೆಗೆ ಗುಲಾಮರಾಗಿದ್ದವರು ಚಿಲ್ಲರೆ ಕಾಸು ಒಟ್ಟುಗೂಡಿಸಿ, ಕೆಲವರು ಸೇರಿ ಒಂದೊಂದು ತೋಟ ಹಿಡಿದರು.

ಸ್ಮಾಲ್ಸ್ ಅಷ್ಟು ಹೊತ್ತಿಗೆ ದೇಶಕ್ಕೇ ಗೊತ್ತಾಗಿದ್ದರು. 1862ರ ಮೇ 13ರ ಬೆಳಗಿನ ಜಾವ. ಚಾರ್ಲ್ಸ್‌ಟನ್ ಬಂದರು. ದಕ್ಷಿಣದ ಸೇನೆಯ 'ಪ್ಲಾಂಟರ್' ಹಡಗಿನ ಬಿಳಿಯ ಅಧಿಕಾರಿಗಳು ರಾತ್ರಿ ದಡದಲ್ಲಿ ತಂಗಿದ್ದರು. ಹಡಗು ನಡೆಸುವುದು ಗೊತ್ತಿದ್ದ ಸ್ಮಾಲ್ಸ್ ಕ್ಯಾಪ್ಟನ್‌ನ ಟೋಪಿ ಹಾಕಿಕೊಂಡರು. ಹೆಂಡತಿ ಮಕ್ಕಳನ್ನೂ ಜೊತೆಯವರನ್ನೂ ಹತ್ತಿಸಿಕೊಂಡರು. ದಕ್ಷಿಣದ ಸೇನೆ ಕಾಯುತ್ತಿದ್ದ ಸಮ್ಟರ್ ಕೋಟೆಯ ಮುಂದೆ ಸಂಕೇತದ ಸೀಟಿ ಸರಿಯಾಗಿ ಊದಿ, ಹಡಗನ್ನು ಒಯ್ದು ಒಕ್ಕೂಟದ ಪಡೆಗೆ ಒಪ್ಪಿಸಿಬಿಟ್ಟರು. ಆಗ ಅವರಿಗೆ 23 ವರ್ಷ. ಅದಕ್ಕೆ ಸಿಕ್ಕ ಬಹುಮಾನದ ಹಣ ಕೈಯಲ್ಲಿತ್ತು. ತೆರಿಗೆ ಬಾಕಿಗೆ ಜಪ್ತಿಯಾಗಿದ್ದ ಈ ಮನೆ ಅವರದಾಯಿತು.

ಈಗ ಗಮನಿಸಿ, ನನಗೆ ಮುಖ್ಯ ಅನ್ನಿಸುವ ಸಂಗತಿ ಇದು. ಯುದ್ಧ ಮುಗಿದ ಮೇಲೆ ಹಳೆಯ ಒಡೆತನದ ಆಧಾರದಲ್ಲಿ ಈ ಮನೆಯ ಮೇಲೆ ಕೇಸು ಬಿತ್ತು. ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1878ರಲ್ಲಿ ಕೋರ್ಟ್ ಸ್ಮಾಲ್ಸ್ ಪರ ತೀರ್ಪು ಕೊಟ್ಟಿತು. ಹರಾಜಿನಲ್ಲಿ ಕೊಂಡ ಕಾಗದ ಗಟ್ಟಿ ಅಂದಿತು.

ಈಗ ಇಲ್ಲಿಂದ ಚಾರ್ಲ್ಸ್‌ಟನ್ ಕಡೆಗೆ, ಎಡಿಸ್ಟೊ ದ್ವೀಪಕ್ಕೆ ಬನ್ನಿ. ಅದೇ ಕಡಲು, ಅದೇ ಹತ್ತಿ, ಅದೇ ಜನ. ಆದರೆ ಇಲ್ಲಿ ಬೇರೆಯದೇ ನಡೆಯಿತು.

1865ರ ಜನವರಿ 12ರಂದು ಪಕ್ಕದ ಜಾರ್ಜಿಯಾ ರಾಜ್ಯದ ಸವಾನಾ ನಗರದಲ್ಲಿ ಒಕ್ಕೂಟದ ಸೇನೆಯ ಜನರಲ್ ಶರ್ಮನ್ 20 ಮಂದಿ ಕಪ್ಪು ಪಾದ್ರಿಗಳನ್ನು ಕರೆಸಿದರು. ನಿಮ್ಮನ್ನು ನೀವು ನೋಡಿಕೊಳ್ಳಲು ಏನು ಬೇಕು ಅಂತ ಕೇಳಲಾಯಿತು. ಎಲ್ಲರ ಪರವಾಗಿ ಮಾತಾಡಿದವರು ಗ್ಯಾರಿಸನ್ ಫ್ರೇಜರ್. ನಮಗೆ ಜಮೀನು ಬೇಕು, ಅದನ್ನು ನಮ್ಮ ದುಡಿಮೆಯಿಂದಲೇ ಉತ್ತು ಬೆಳೆಯುತ್ತೇವೆ ಅಂದರು. ನಾಲ್ಕೇ ದಿನದಲ್ಲಿ ಶರ್ಮನ್ ಆದೇಶ ಹೊರಟಿತು. ಚಾರ್ಲ್ಸ್‌ಟನ್‌ನಿಂದ ದಕ್ಷಿಣಕ್ಕೆ ಕರಾವಳಿಯ ದ್ವೀಪಗಳು ಮುಕ್ತರಾದ ಕುಟುಂಬಗಳಿಗೆ. ಒಂದು ಕುಟುಂಬಕ್ಕೆ 40 ಎಕರೆವರೆಗೆ. ಕೆಲವೇ ತಿಂಗಳಲ್ಲಿ ಸುಮಾರು 40,000 ಜನ ಸುಮಾರು 4 ಲಕ್ಷ ಎಕರೆಯಲ್ಲಿ ನೆಲೆ ನಿಂತರು. ಬಿತ್ತನೆಯೂ ಆಯಿತು.

ಏಪ್ರಿಲ್‌ನಲ್ಲಿ ಲಿಂಕನ್ ಹತ್ಯೆಯಾಯಿತು. ಅಧ್ಯಕ್ಷರಾಗಿ ಬಂದ ಆಂಡ್ರೂ ಜಾನ್ಸನ್ ದಂಗೆಕೋರರಿಗೆ ಕ್ಷಮೆ ಕೊಟ್ಟರು, ಅದರ ಜೊತೆ ಜಮೀನನ್ನೂ ವಾಪಸ್ ಕೊಟ್ಟರು. ಶರ್ಮನ್ ಕೊಟ್ಟದ್ದು ಯುದ್ಧಕಾಲದ ಸ್ವಾಧೀನ ಮಾತ್ರ, ಅದರ ಹಿಂದೆ ಪೂರ್ಣ ಹಕ್ಕುಪತ್ರ ಇರಲಿಲ್ಲ.

ಈ ಸುದ್ದಿಯನ್ನು ಎಡಿಸ್ಟೊದ ಜನರಿಗೆ ತಿಳಿಸಲು ಅಕ್ಟೋಬರ್‌ನಲ್ಲಿ ಬಂದವರು ಜನರಲ್ ಹೊವಾರ್ಡ್. ಮುಕ್ತರಾದವರ ನೆರವಿಗೆಂದೇ ಮಾಡಿದ್ದ ಇಲಾಖೆಯ ಮುಖ್ಯಸ್ಥರು ಅವರು. ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದವರು. ಚರ್ಚಿನಲ್ಲಿ ಜನ ಸೇರಿದ್ದರು. ಹಳೆಯ ಮಾಲೀಕರನ್ನು ಕ್ಷಮಿಸಿ, ಅವರ ಹತ್ತಿರವೇ ಕೂಲಿಗೆ ಸೇರಿ ಅಂತ ಅವರು ಹೇಳಬೇಕಾಯಿತು.

ಆಮೇಲೆ ಹೆನ್ರಿ ಬ್ರ್ಯಾಮ್, ಇಷ್ಮಾಯೆಲ್ ಮೋಲ್ಟ್ರಿ, ಯೇಟ್ಸ್ ಸ್ಯಾಂಪ್ಸನ್ ಎಂಬ ಮೂವರು ದ್ವೀಪದ ಪರವಾಗಿ ಪತ್ರ ಬರೆದರು. ಅದರ ಒಂದು ಭಾಗ ಓದುತ್ತೇನೆ. "ದ್ವೀಪದ ಜಮೀನು ಮಾಲೀಕರನ್ನು ಕ್ಷಮಿಸಿ ಅನ್ನುತ್ತೀರಿ. ನೀವು ಯುದ್ಧದಲ್ಲಿ ಕಳೆದುಕೊಂಡದ್ದು ಬಲಗೈ ಮಾತ್ರ, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನು, ನನ್ನ ತಾಯಿಯನ್ನೂ ತಂಗಿಯನ್ನೂ ಬಟ್ಟೆ ಬಿಚ್ಚಿಸಿ ಹೊಡೆದವನು..." ಹೀಗೆ ಸಾಗಿ, ನನಗೆ ಸ್ವಂತ ಜಮೀನಿದ್ದರೆ ಅವನ ಸಹವಾಸವೇ ಬೇಕಿಲ್ಲ ಅಂತ ಗೊತ್ತಿದ್ದೇ ಅವನು ಜಮೀನು ಸಿಗದ ಹಾಗೆ ನೋಡಿಕೊಳ್ಳುತ್ತಿದ್ದಾನೆ, ಅವನನ್ನು ನಾನು ಕ್ಷಮಿಸಲಾರೆ ಅನ್ನುತ್ತದೆ ಪತ್ರ.

ಈ ಸಾಲುಗಳನ್ನು ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ. ಗುಲಾಮರಿಗೆ ಅಕ್ಷರ ಕಲಿಸುವುದನ್ನೇ ಅಪರಾಧ ಮಾಡಿದ್ದ ರಾಜ್ಯ ಇದು. ಅಂಥ ಕಡೆ, ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, ಜಮೀನಿಗೂ ಸ್ವಾತಂತ್ರ್ಯಕ್ಕೂ ಇರುವ ನಂಟನ್ನು ಇಷ್ಟು ಸ್ಪಷ್ಟವಾಗಿ ಹೇಳಿದ್ದಾರೆ.

ಅದೇ ವರ್ಷದ ಕೊನೆಗೆ ಅವರ ಭಯ ನಿಜವಾಯಿತು. ದಕ್ಷಿಣ ಕೆರೊಲೈನಾ 'ಕಪ್ಪು ಸಂಹಿತೆ' ತಂದಿತು. ಹೊಲದ ಕೂಲಿ, ಮನೆಗೆಲಸ ಬಿಟ್ಟು ಬೇರೆ ಕಸುಬು ಮಾಡಬೇಕೆಂದರೆ ಕಪ್ಪು ಜನ ಲೈಸೆನ್ಸ್ ಪಡೆಯಬೇಕು, ಶುಲ್ಕ ಕಟ್ಟಬೇಕು. ಕೂಲಿ ಕರಾರಿನಲ್ಲಿ ಮಾಲೀಕನನ್ನು 'ಧಣಿ' ಅಂತಲೇ ಬರೆಯಬೇಕು. ಇದನ್ನೆಲ್ಲ ಕಂಡು ಸಂಸತ್ತು ಸಿಟ್ಟಿಗೆದ್ದಿತು. ಮುಂದಿನ ಐದು ವರ್ಷದಲ್ಲಿ ಸಂವಿಧಾನವೇ ಬದಲಾಯಿತು. 13ನೇ ತಿದ್ದುಪಡಿ 1865ರಲ್ಲೇ ಗುಲಾಮಗಿರಿ ತೆಗೆದಿತ್ತು. 1868ರ 14ನೇ ತಿದ್ದುಪಡಿ ಈ ನೆಲದಲ್ಲಿ ಹುಟ್ಟಿದವರೆಲ್ಲ ನಾಗರಿಕರು ಅಂದಿತು, ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಟ್ಟಿತು. 1870ರ 15ನೇ ತಿದ್ದುಪಡಿ ಮತ ಹಾಕಲು ಬಣ್ಣ ಅಡ್ಡಿಯಾಗಬಾರದು ಅಂದಿತು.

ಇಲ್ಲಿರುವ ಕನ್ನಡದ ಎಷ್ಟೋ ಮನೆಗಳಲ್ಲಿ ಮಕ್ಕಳ ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇದೆ, ಅಲ್ವಾ? ಅದು ಬಂದಿದ್ದು ಆ 14ನೇ ತಿದ್ದುಪಡಿಯಿಂದ. 2025ರಲ್ಲಿ ಹುಟ್ಟಿನಿಂದಲೇ ನಾಗರಿಕರಾಗುವ ಆ ಹಕ್ಕಿನ ಮೇಲೆ ಮತ್ತೆ ಕೋರ್ಟ್ ಜಗಳ ಎದ್ದಾಗ ನಮ್ಮ ಜನರ ವಾಟ್ಸಾಪ್ ಗುಂಪುಗಳಲ್ಲಿ ವೀಸಾ ಮಾತು ತುಂಬಿತ್ತು. ಈ ದ್ವೀಪಗಳ ಮಾತೂ ಅಲ್ಲಿ ಬರಬೇಕಿತ್ತು ಅಂತ ನನ್ನ ಆಸೆ. ನಮ್ಮ ಸಂವಿಧಾನದ 14ನೇ ವಿಧಿಯಲ್ಲಿರುವ 'ಕಾನೂನುಗಳ ಸಮಾನ ರಕ್ಷಣೆ' ಎಂಬ ಮಾತೂ ಇಲ್ಲಿಂದಲೇ ಬಂದದ್ದು.

1868ರಲ್ಲಿ ಚಾರ್ಲ್ಸ್‌ಟನ್‌ನಲ್ಲಿ ರಾಜ್ಯದ ಹೊಸ ಸಂವಿಧಾನ ಬರೆದ ಸಭೆಯಲ್ಲಿ ಕಪ್ಪು ಪ್ರತಿನಿಧಿಗಳದೇ ಬಹುಮತ. ಸ್ಮಾಲ್ಸ್ ಕೂಡ ಕೂತಿದ್ದರು. ಎಲ್ಲ ಮಕ್ಕಳಿಗೂ ಉಚಿತ ಶಾಲೆ ಬೇಕು ಅಂತ ಪಟ್ಟು ಹಿಡಿದರು, ಅದು ಸಂವಿಧಾನಕ್ಕೆ ಸೇರಿತು. ಮುಂದೆ ಸಂಸತ್ತಿಗೂ ಆರಿಸಿ ಹೋದರು. ಮುಕ್ತರಾದವರಿಗೆ ಕಂತಿನಲ್ಲಿ ಜಮೀನು ಮಾರಲು ಈ ರಾಜ್ಯ ಒಂದು ಆಯೋಗವನ್ನೂ ಮಾಡಿತು.

ಇದನ್ನು ಮುರಿದದ್ದು ಹಿಂಸೆ. 1871ರಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಪ್ತ ಹಿಂಸಾಕೂಟದ ಹಾವಳಿ ತಡೆಯಲು ಅಧ್ಯಕ್ಷ ಗ್ರಾಂಟ್ ಇದೇ ರಾಜ್ಯದ 9 ಕೌಂಟಿಗಳಲ್ಲಿ, ಬಂಧಿಸಿದವರನ್ನು ಕೋರ್ಟಿಗೆ ಹಾಜರುಪಡಿಸಬೇಕೆಂಬ ನಿಯಮವನ್ನೇ (ಹೇಬಿಯಸ್ ಕಾರ್ಪಸ್) ಅಮಾನತಿನಲ್ಲಿಟ್ಟರು. 1876ರಲ್ಲಿ ಹ್ಯಾಂಬರ್ಗ್ ಊರಿನಲ್ಲಿ ರಾಜ್ಯದ ಕಾವಲು ಪಡೆಯ ಕಪ್ಪು ಸದಸ್ಯರ ಕೊಲೆಯಾಯಿತು. 1877ರಲ್ಲಿ ಒಕ್ಕೂಟದ ಸೈನ್ಯ ಈ ರಾಜ್ಯದ ರಾಜಧಾನಿಯಿಂದ ಹಿಂದೆ ಸರಿಯಿತು. 1895ರಲ್ಲಿ ಇನ್ನೊಂದು ಸಂವಿಧಾನ ಬಂತು, ಓದು ಬರಹದ ಪರೀಕ್ಷೆಯ ನೆಪದಲ್ಲಿ ಮತದ ಹಕ್ಕು ಕಿತ್ತುಕೊಂಡಿತು. ಆ ಸಭೆಯಲ್ಲಿದ್ದ ಕಪ್ಪು ಪ್ರತಿನಿಧಿಗಳು ಆರೇ ಮಂದಿ. ಅವರಲ್ಲೂ ಸ್ಮಾಲ್ಸ್ ಇದ್ದರು. ನನ್ನ ಜನರಿಗೆ ಬೇಕಿರುವುದು ಬದುಕಿನ ಹೋರಾಟದಲ್ಲಿ ಸಮಾನ ಅವಕಾಶ ಅಷ್ಟೇ ಅಂತ ಎದ್ದು ನಿಂತು ಹೇಳಿದರು.

ಇಷ್ಟಾದ ಮೇಲೂ ಬ್ಯೂಫರ್ಟ್ ಪಕ್ಕದ ಸೇಂಟ್ ಹೆಲೆನಾ ದ್ವೀಪದಲ್ಲಿ ಹರಾಜಿನ ಜಮೀನು ಕಪ್ಪು ಕುಟುಂಬಗಳ ಕೈಯಲ್ಲೇ ಉಳಿಯಿತು. 1862ರಲ್ಲಿ ಶುರುವಾದ ಪೆನ್ ಶಾಲೆಯ ಆವರಣ ಈಗಲೂ ಅಲ್ಲಿದೆ. ಆದರೆ ವಿಲ್ ಬರೆಯದೆ ತಲೆಮಾರು ದಾಟಿದ ಹೊಲಗಳು ಬಹಳ. ನಮ್ಮ ಹಳ್ಳಿಗಳಲ್ಲಿ ಮುತ್ತಜ್ಜನ ಹೆಸರಲ್ಲೇ ಪಹಣಿ ಉಳಿದಿರುತ್ತದಲ್ಲ, ಹಾಗೆ. ಊರು ಬಿಟ್ಟ ಯಾರೋ ಒಬ್ಬರ ಪಾಲನ್ನು ಹೊರಗಿನವರು ಕೊಂಡು, ಕೋರ್ಟಿನಿಂದ ಇಡೀ ಹೊಲವನ್ನೇ ಮಾರಿಸಿಬಿಡಬಹುದಿತ್ತು. 2016ರಲ್ಲಿ ರಾಜ್ಯ ಇದಕ್ಕೆ ಕಾನೂನು ಮಾಡಿತು. ಅದರ ಪ್ರಕಾರ ಮೊದಲು ಜಮೀನಿನ ಬೆಲೆ ಕಟ್ಟಿಸಬೇಕು, ಮಾರಾಟ ಕೇಳುವವರ ಪಾಲನ್ನು ಕೊಳ್ಳಲು ಮನೆಯವರಿಗೆ ಅವಕಾಶ ಕೊಡಬೇಕು. ಚಾರ್ಲ್ಸ್‌ಟನ್ ಚರ್ಚಿನಲ್ಲಿ 2015ರಲ್ಲಿ ಗುಂಡಿಗೆ ಬಲಿಯಾದ ಪಾದ್ರಿ, ಸೆನೆಟರ್ ಕ್ಲೆಮೆಂಟಾ ಪಿಂಕ್ನಿ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ.

ಮುಂದಿನ ವಿಡಿಯೋದಲ್ಲಿ ಎಡಿಸ್ಟೊದವರ ಪತ್ರವನ್ನು ಪೂರ್ತಿಯಾಗಿ ಕನ್ನಡದಲ್ಲಿ ಓದುತ್ತೇನೆ.