ಟಿಕೆಟ್ ಇದೆಯಲ್ಲ, ಬೆರಳು ಯಾಕೆ?

ಕೇಳುಗರಿಗೆ ನಮಸ್ಕಾರ.

ನಮ್ಮಣ್ಣನ ಮಗಳು ಅಮೆರಿಕದಲ್ಲಿದ್ದಾಳೆ. ಹೋದ ರಜೆಯಲ್ಲಿ ಗಂಡ ಮತ್ತು 4 ವರ್ಷದ ಮಗಳ ಜೊತೆ ಫ್ಲಾರಿಡಾದ ಡಿಸ್ನಿ ವರ್ಲ್ಡ್ ಅನ್ನುವ ದೊಡ್ಡ ಮನರಂಜನಾ ಪಾರ್ಕ್ ನೋಡಲು ಹೋಗಿದ್ದಳು. ಅಲ್ಲಿಂದಲೇ ಫೋನ್ ಮಾಡಿ ರೈಡುಗಳ ಕತೆ, ಬಿಸಿಲಿನ ಕತೆ, ಉದ್ದುದ್ದ ಸಾಲಿನ ಕತೆ ಎಲ್ಲ ಹೇಳಿದಳು. ಆಮೇಲೆ, "ಅತ್ತೆ, ಗೇಟಲ್ಲಿ ಟಿಕೆಟ್ ತೋರಿಸಿದ ಮೇಲೂ ಬೆರಳು ಇಡಿಸಿಕೊಂಡರು, ಪುಟ್ಟಿ ಕೈಯಲ್ಲೂ ಇಡಿಸಿದರು" ಅಂದಳು. ಅವಳು ಅದನ್ನು ಸುಮ್ನೆ ಮಾತಿಗೆ ಹೇಳಿದ್ದು. ನನ್ನ ಮನಸ್ಸಿನಲ್ಲಿ ಮಾತ್ರ ಅದೇ ಉಳಿಯಿತು. ದುಡ್ಡು ಕೊಟ್ಟು ಟಿಕೆಟ್ ತಗೊಂಡಿದ್ದಾರೆ. ಅಷ್ಟು ಚಿಕ್ಕ ಮಗುವಿನ ಬೆರಳು ಅವರಿಗೆ ಯಾತಕ್ಕೆ?

ಅವರು ಹೇಳುವ ಕಾರಣ ಇಷ್ಟು. ಅಲ್ಲಿ ನಾಲ್ಕೈದು ದಿನದ ಟಿಕೆಟ್ ಒಟ್ಟಿಗೆ ತಗೊಂಡರೆ ದಿನದ ಲೆಕ್ಕದಲ್ಲಿ ಅಗ್ಗ. ಎರಡು ದಿನ ನೋಡಿ, ಉಳಿದ ದಿನಗಳನ್ನು ಬೇರೆಯವರಿಗೆ ಮಾರುವವರಿದ್ದರು. ಅದನ್ನು ತಡೆಯಲು ಟಿಕೆಟ್ಟಿಗೂ ಬೆರಳಿಗೂ ಗಂಟು ಹಾಕಿದರು. ಮೊದಲು 10 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗಷ್ಟೇ ಇತ್ತು, 2016ರಲ್ಲಿ 3 ವರ್ಷದ ಮಕ್ಕಳಿಗೂ ಬಂತು. ಬೆರಳಿನ ಚಿತ್ರ ನಾವು ಇಟ್ಟುಕೊಳ್ಳುವುದಿಲ್ಲ, ಅದನ್ನು ಒಂದು ಸಂಖ್ಯೆಯಾಗಿ ಬದಲಾಯಿಸಿ ಚಿತ್ರ ಅಳಿಸುತ್ತೇವೆ ಅನ್ನುತ್ತದೆ ಕಂಪನಿ. ಚಿತ್ರ ಇಟ್ಟುಕೊಳ್ಳುವುದಕ್ಕಿಂತ ಇದು ಮೇಲು, ನಿಜ. ಆದರೆ ಆ ಸಂಖ್ಯೆ ಹುಟ್ಟಿದ್ದು ನನ್ನ ಬೆರಳಿಂದಲೇ ಅಲ್ವಾ? ನಾನು ಮತ್ತೆ ಬೆರಳಿಟ್ಟರೆ ಇವಳೇ ಅವಳು ಅಂತ ಅದು ಗುರುತು ಹಿಡಿಯುತ್ತದೆ. ಅದು ಇರುವುದೇ ಅದಕ್ಕೆ.

ನಮಗೆ ಇದು ದೊಡ್ಡ ವಿಷಯ ಅನಿಸದೇ ಇರುವುದಕ್ಕೂ ಕಾರಣ ಇದೆ. ಬೆರಳು ಕೊಟ್ಟು ಕೊಟ್ಟು ನಮಗೆ ಅಭ್ಯಾಸವಾಗಿಬಿಟ್ಟಿದೆ. ಮಂಡ್ಯದ ಹತ್ತಿರ ನಮ್ಮೂರಲ್ಲಿ ರೇಷನ್ ಅಕ್ಕಿ ತರಲು ಹೋದರೆ "ತಂಬ್ ಕೊಟ್ಟು ಬನ್ನಿ" ಅನ್ನುತ್ತಾರೆ. ನಮ್ಮಪ್ಪ ಜೀವಮಾನವೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದವರು, ಬೆರಳಿನ ಗೆರೆಯೆಲ್ಲ ಸವೆದಿದೆ, ಮೆಷಿನ್ನು ಎಷ್ಟೋ ಸಲ ಓದುವುದೇ ಇಲ್ಲ, ಪಂಚೆಯ ಅಂಚಿಗೆ ಬೆರಳು ಒರೆಸಿ ಒರೆಸಿ ಮೂರು ಸಲ, ನಾಲ್ಕು ಸಲ ಇಡಬೇಕು. ಅವರ ಕಾಲದಲ್ಲಿ ಹೆಬ್ಬೆಟ್ಟು ಒತ್ತುವುದು ಅಂದರೆ ನಾಚಿಕೆಯ ವಿಷಯವಾಗಿತ್ತು, ಓದು ಬರದವರು ಮಾಡುವ ಕೆಲಸ ಅಂತ. ಅದಕ್ಕೇ ಹಟ ಹಿಡಿದು ಸಹಿ ಮಾಡಲು ಕಲಿತರು. ಈಗ ಓದು ಬರುವ ನಾವೆಲ್ಲ ಏನೂ ಓದದೆ ಬೆರಳು ಇಡುತ್ತಿದ್ದೇವೆ.

ಟಿಕೆಟ್ ಕಳೆದರೆ ಇನ್ನೊಂದು ತಗೋಬಹುದು. ಎಟಿಎಂ ಕಾರ್ಡಿನ ಪಿನ್ ಯಾರಿಗಾದರೂ ಗೊತ್ತಾದರೆ ಸಂಜೆಯೊಳಗೆ ಬದಲಾಯಿಸಬಹುದು. ಬೆರಳಚ್ಚು ಒಂದು ಸಲ ಕೈತಪ್ಪಿ ಹೋದರೆ ಬದಲಾಯಿಸುವುದು ಹೇಗೆ? 2015ರಲ್ಲಿ ಅಮೆರಿಕ ಸರ್ಕಾರದ ನೌಕರರ ದಾಖಲೆ ಇಟ್ಟಿದ್ದ ಕಚೇರಿಯಿಂದಲೇ ಸುಮಾರು 56 ಲಕ್ಷ ಜನರ ಬೆರಳಚ್ಚು ಕಳವಾಯಿತು. ಅಷ್ಟು ದೂರ ಯಾಕೆ, 2023ರಲ್ಲಿ ನಮ್ಮ ರಾಜ್ಯದಲ್ಲೇ ಏನಾಯಿತು ನೆನಪಿಸಿಕೊಳ್ಳಿ. ಸೈಟು, ಜಮೀನಿನ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಮೂಲಕ ಬ್ಯಾಂಕಿನ ಹಣ ಎತ್ತಿದ ದೂರುಗಳು ಬಂದವು. ಓಟಿಪಿ ಬಂದಿರಲಿಲ್ಲ, ಯಾರೂ ಫೋನ್ ಮಾಡಿ ಕೇಳಿರಲಿಲ್ಲ. ಆಗ ಎಷ್ಟೋ ಜನ ಆಧಾರ್‌ನ ಬಯೋಮೆಟ್ರಿಕ್, ಅಂದರೆ ಬೆರಳು, ಕಣ್ಣಿನಂಥ ಮೈಗುರುತು, ಯಾರೂ ಬಳಸದಂತೆ ಲಾಕ್ ಮಾಡಿಕೊಂಡರು. ನೀವಿನ್ನೂ ಮಾಡಿಲ್ಲದಿದ್ದರೆ ಆಧಾರ್ ವೆಬ್‌ಸೈಟಿನಲ್ಲೋ ಆ್ಯಪ್‌ನಲ್ಲೋ ಮಾಡಬಹುದು, ಬೇಕಾದಾಗ ತೆಗೆಯಬಹುದು. ಪಾರ್ಕಿನ ಗೇಟಿನ ಮೆಷಿನ್ನಿಗೂ ಆಧಾರ್‌ಗೂ ಸಂಬಂಧ ಇಲ್ಲ, ಸುಮ್ಮನೆ ಹೆದರಿಸುವುದು ನನ್ನ ಉದ್ದೇಶ ಅಲ್ಲ. ಬೆರಳು ಮಾತ್ರ ಎರಡು ಕಡೆಗೂ ಒಂದೇ.

ಒಬ್ಬ ತಾಯಿಯ ಕತೆ ಹೇಳಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಅನ್ನುವ ಕಂಪನಿಯ ಪಾರ್ಕ್ ಇದೆ. 2014ರಲ್ಲಿ 14 ವರ್ಷದ ಹುಡುಗನೊಬ್ಬ ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋದ. ತಾಯಿ ಅವನಿಗೆ ಆನ್‌ಲೈನಿನಲ್ಲಿ ಸೀಸನ್ ಪಾಸ್ ತೆಗೆದುಕೊಟ್ಟಿದ್ದರು. ಪಾರ್ಕಿನವರು ಹುಡುಗನ ಹೆಬ್ಬೆಟ್ಟಿನ ಗುರುತು ತಗೊಂಡರು. ಅವನು ಮನೆಗೆ ಬಂದ ಮೇಲೆ ತಾಯಿ, ಏನು ಕಾಗದ ಕೊಟ್ಟರು ಅಂತ ಕೇಳಿದರು. ಏನೂ ಇಲ್ಲ, ಈಗೆಲ್ಲ ಬೆರಳಚ್ಚಲ್ಲೇ ನಡೆಯುತ್ತದೆ ಅಂದ ಹುಡುಗ. ಯಾತಕ್ಕೆ ತಗೊಂಡರು, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರೂ ಹೇಳಿರಲಿಲ್ಲ. ಹುಡುಗ ಮತ್ತೆ ಆ ಪಾರ್ಕಿಗೆ ಹೋಗಲೇ ಇಲ್ಲ, ಆದರೂ ಅವನ ಗುರುತು ಕಂಪನಿಯ ಹತ್ತಿರವೇ ಉಳಿಯಿತು. ಆ ತಾಯಿ ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. ಆ ರಾಜ್ಯದಲ್ಲಿ 2008ರಿಂದ ಒಂದು ಕಾನೂನು ಇದೆ. ಬೆರಳಚ್ಚು ತಗೊಳ್ಳುವ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು, ಬರವಣಿಗೆಯಲ್ಲೇ ಒಪ್ಪಿಗೆ ಪಡೆಯಬೇಕು. ನಿಮಗೆ ನಷ್ಟ ಏನಾಗಿದೆ ತೋರಿಸಿ ಅನ್ನುವುದು ಕಂಪನಿಯ ವಾದ. 2019ರ ಜನವರಿಯಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ತಾಯಿಯ ಪರವಾಗಿ ನಿಂತಿತು. ಬೇರೆ ನಷ್ಟ ತೋರಿಸಬೇಕಾಗಿಲ್ಲ, ಕಾನೂನು ಕೊಟ್ಟ ಹಕ್ಕನ್ನು ಮೀರಿದ್ದೇ ಸಾಕು ಅಂತ. ಕೊನೆಗೆ ಕಂಪನಿ 3 ಕೋಟಿ 60 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ದುಡ್ಡಿನ ಮಾತಿಗಿಂತ ಆ ತಾಯಿ ಕೇಳಿದ ಮೊದಲ ಪ್ರಶ್ನೆ ನನಗೆ ಜಾಸ್ತಿ ಹಿಡಿಸಿತು. ಏನು ಕಾಗದ ಕೊಟ್ಟರು?

ಆ ಪ್ರಶ್ನೆ ಕೇಳುವ ಹಕ್ಕು ನಮಗೂ ಇದೆ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು. ನಿವೃತ್ತರಾದ ಮೇಲೆ, 80 ದಾಟಿದ ವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯೂ ಬಂತು. ಅದು ಹಂತ ಹಂತವಾಗಿ ಜಾರಿಗೆ ಬರುತ್ತಿದೆ. 18 ವರ್ಷದೊಳಗಿನ ಮಕ್ಕಳ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ ಆ ಕಾಯ್ದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲೂ ಓದಲು ಅವಕಾಶ ಇರಬೇಕು ಅಂತಲೂ ಅದರಲ್ಲಿದೆ. ಇದನ್ನು ಓದಿದಾಗ ನನಗೆ ನಮ್ಮಪ್ಪನೇ ನೆನಪಾದರು.

ಬೇಸಿಗೆ ರಜೆಯಲ್ಲಿ ಮಗನನ್ನು ಇಲ್ಲೇ ಮೈಸೂರಿನ ಒಂದು ಕಡೆ ಈಜು ಕಲಿಯಲು ಸೇರಿಸಲು ಹೋಗಿದ್ದೆ. ಹಾಜರಿಗೆ ಬೆರಳು ಕೊಡಬೇಕು ಅಂದರು. ಕ್ಯಾಂಪು ಮುಗಿದ ಮೇಲೆ ಅಳಿಸುತ್ತೀರಾ ಅಂತ ಕೇಳಿದೆ. "ಎಲ್ಲರೂ ಕೊಡ್ತಾರೆ ಮೇಡಂ" ಅಂದ ಅಲ್ಲಿದ್ದ ಹುಡುಗ. ಅವನದು ತಪ್ಪಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಪಕ್ಕಕ್ಕೆ ನಿಂತೆ, ಹಿಂದಿನವರಿಗೆ ಜಾಗ ಬಿಟ್ಟೆ, ಒಳಗಿಂದ ಮ್ಯಾನೇಜರ್ ಬರುವವರೆಗೂ ಕಾದೆ. ಫೋಟೊ ಇರುವ ಕಾರ್ಡ್ ಕೊಡಿ, ದಿನಾ ತೋರಿಸುತ್ತಾನೆ ಅಂದೆ. ಕೊಟ್ಟರು. ಅಷ್ಟು ಸುಲಭಕ್ಕೆ ಆಗುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಅಣ್ಣನ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಇನ್ನೂ ಎರಡು ದಿನದ ಟಿಕೆಟ್ ಇತ್ತು. ಡಿಸ್ನಿಯಲ್ಲಿ ಬೆರಳು ಇಡಲು ಇಷ್ಟವಿಲ್ಲದವರು ಫೋಟೊ ಇರುವ ಗುರುತಿನ ಚೀಟಿ ತೋರಿಸಬಹುದು, ಮಗುವಿನ ಬದಲು ತಂದೆ ತಾಯಿಯೇ ತಮ್ಮ ಬೆರಳು ಇಡಬಹುದು ಅಂತ ಓದಿದ್ದೆ, ಅದನ್ನೂ ಹೇಳಿದೆ. ಮಾರನೇ ದಿನ ಗೇಟಿನಲ್ಲಿ ಅವಳು ಕೇಳಿದಳಂತೆ. ಅಲ್ಲಿದ್ದವರು ಬೇಸರ ಮಾಡಿಕೊಳ್ಳದೆ ಗುರುತಿನ ಚೀಟಿ ನೋಡಿ ಒಳಗೆ ಬಿಟ್ಟರಂತೆ. ಪುಟ್ಟಿ ಅಷ್ಟು ಹೊತ್ತೂ ಎರಡು ಕೈಯಲ್ಲೂ ಅಮ್ಮನ ಬ್ಯಾಗಿನ ಪಟ್ಟಿ ಹಿಡಿದುಕೊಂಡು ನಿಂತಿತ್ತಂತೆ.

ನಮಸ್ಕಾರ.